ಸಾತುವಿನ ಮಣಿಕಟ್ಟಿನ ಸುರಗಿ ಅತ್ತರು

ಪಾಪಿಯ ಮೈಮೇಲೆ ಅತ್ತರು ನಿಲ್ಲುವುದಿಲ್ಲ. ಒಂದಾನೊಂದು ಕಾಲದಲ್ಲಿ ಹೊಳೆಬಾಗಿಲು ಅನ್ನೋ ಊರಿನವರೆಲ್ಲ ಹಾಗೆ ನಂಬಿದ್ದರಂತೆ. ಯಾವ ಕಾಲ ಅಂತ ಕೇಳಬೇಡ, ಕಣ್ಣು ಮುಚ್ಚಿಕೋ.

ಆ ಊರಲ್ಲಿ ಬೀರಮ್ಮ ಅಂತ ಒಬ್ಬಳು ಸುರಗಿ ಹೂವನ್ನು ಗಂಧದೆಣ್ಣೆಗೆ ಇಳಿಸಿ ಅತ್ತರು ಮಾಡುತ್ತಿದ್ದಳಂತೆ. ಅವಳಿಗೆ ಮೂವರು ಗಂಡುಮಕ್ಕಳು. ಮನೆಗೆ ಸೊಸೆ ಬಂದರೆ ಮೂರು ದಿನದ ಪರೀಕ್ಷೆ. ಬೆಳಿಗ್ಗೆ ಅತ್ತೆ ಅವಳ ಮಣಿಕಟ್ಟಿಗೆ ಒಂದು ತೊಟ್ಟು ಹಚ್ಚಬೇಕು, ಸಂಜೆ ದೀಪದ ಹೊತ್ತಿಗೆ ಸೊಸೆ ತಾನೇ ಮೂಸಿ, ಪರಿಮಳ ಉಂಟೋ ಇಲ್ಲವೋ ಹೇಳಬೇಕು. ಬೇರೆಯವರು ಮೂಸಬಾರದು, ಮೂಸಿದರೆ ಪಾಪ ಮೂಗಿಗೆ ಅಂಟುತ್ತದಂತೆ. ಮೂರು ಸಂಜೆಯೂ ಇಲ್ಲ ಅಂದವಳನ್ನು ನಾಲ್ಕನೇ ಬೆಳಿಗ್ಗೆ ದೋಣಿ ಹತ್ತಿಸಿ ತವರಿಗೆ ಕಳಿಸೋದು. ಮದುವೆ ಮನೆ ನೋಡು, ಆ ಮೂರು ದಿನವೂ ಬಂದವರಿಗೆ, ಇದ್ದವರಿಗೆ, ಅಡುಗೆಯವನಿಗೂ ಅದೇ ಸೀಸೆಯ ಅತ್ತರು. ಬೀರಮ್ಮ ಒಂದು ಕಾಲಕ್ಕೆ ಈ ಪರೀಕ್ಷೆ ಗೆದ್ದೇ ಒಳಗೆ ಬಂದವಳು. ಆಮೇಲೆ ಮೊದಲಿನ ಇಬ್ಬರು ಸೊಸೆಯರೂ ಮೂಸಿ, ಆಹಾ, ಘಮ್ಮಂತಿದೆ ಅತ್ತೆ ಅಂದು ಒಳಗೆ ಹೋದರಂತೆ.

ಆಮೇಲೆ ಮೂರನೆಯವಳು ಬಂದಳು, ಸಾತು. ಮೊದಲ ದಿನ ಹಚ್ಚಿದ ಕೂಡಲೇ ಅತ್ತರು ನಿಂಬೆಸಿಪ್ಪೆ ಹಿಂಡಿದ ಹಾಗೆ ಮೂಗಿಗೆ ಚುರ್ ಅಂತಂತೆ. ಆಮೇಲೆ ಮೈಕಾವಿಗೆ ಹೂವು ಮೆಲ್ಲಗೆ ಬಿಚ್ಚಿಕೊಂಡು, ಸುರಗಿ ಮರದ ಕೆಳಗೆ ಕೂತ ಹಾಗಾಯಿತಂತೆ. ಆಮೇಲೆ ಅನ್ನ ಬೇಯೋ ಹೊತ್ತಿಗೆ ಸಣ್ಣಗಾಗಿ, ಸಂಜೆ ಮೂಸಿದರೆ ಏನೂ ಇಲ್ಲ. ಇಲ್ಲ ಅಂತಲೇ ಹೇಳಿದಳಂತೆ. ಎರಡನೇ ದಿನ ಆ ಕೈಗೆ ನೀರು ಸೋಕಿಸದೆ, ಬಿಸಿಲು ತಾಗಿಸದೆ, ಹಸುಗೂಸಿನ ಹಾಗೆ ಕಾಪಾಡಿದಳು. ಸಂಜೆ ಮೂಸಿದಳು. ಇಲ್ಲ.

ಹಿರಿಯ ಓರಗಿತ್ತಿ ಕಿವಿಯಲ್ಲಿ ಅಂದಳಂತೆ, ಇದೆ ಅಂದುಬಿಡೇ ಮಾರಾಯ್ತಿ, ನಿನ್ನ ಮೂಗು ಕಿತ್ತು ನೋಡೋರು ಯಾರು? ಗಂಡ ಹೊನ್ನಪ್ಪನೂ ಒಂದು ಮಾತು ತಾನೇ ಅಂದನಂತೆ. ಸಾತು ಒಪ್ಪಲಿಲ್ಲ. ನಾನು ಪಾಪಿ ಅಲ್ಲ ಅನ್ನೋದು ನನಗೆ ಗೊತ್ತು, ವಾಸನೆ ಇಲ್ಲ ಅನ್ನೋದೂ ಗೊತ್ತು. ಎರಡೂ ನಿಜ ಆದಮೇಲೆ ನಿಮ್ಮ ಶಾಸ್ತ್ರದಲ್ಲೇ ಎಲ್ಲೋ ತೂತಿದೆ, ಅದನ್ನು ಹುಡುಕದೆ ನಾನು ದೋಣಿ ಹತ್ತಲ್ಲ ಅಂದಳಂತೆ.

ಮೂರನೇ ದಿನ ಹೊತ್ತು ಇಳಿಯುವಾಗ ಅವಳು ಆ ತೂತು ಎಲ್ಲಿದೆ ಅಂತ ಯೋಚಿಸುತ್ತಾ ದೋಣಿಗಟ್ಟೆಗೆ ನಡೆದಳಂತೆ. ಆಚೆ ದಡದಿಂದ ಒಣಮೀನು ಮಾರೋ ಮಂಕಾಳಿ ತಲೆಮೇಲೆ ಬುಟ್ಟಿ ಹೊತ್ತು ಇಳಿದಳು. ಸಾತು ಸೆರಗಿನಿಂದ ಮೂಗು ಮುಚ್ಚಿದಳು. ಮಂಕಾಳಿಗೆ ಸಿಟ್ಟು ಬಂತು. ಏನೇ ಮದುಮಗಳೇ, ನನ್ನ ಮೀನು ಅಷ್ಟೊಂದು ನಾರುತ್ತಾ?

ನಾರೋದಾ? ದೋಣಿಗಿಂತ ಮುಂಚೆ ವಾಸನೆಯೇ ದಡ ಮುಟ್ಟಿತು ಅಂದಳು ಸಾತು.

ನನಗೇನೂ ಬರ್ತಿಲ್ಲಮ್ಮ, ಬೆಳಗಿಂದ ತಲೆಮೇಲೇ ಇದೆ ಅಂದಳಂತೆ ಮಂಕಾಳಿ.

ಸಾತು ಸೆರಗು ಕೆಳಗೆ ಬಿಟ್ಟಳು. ಬುಟ್ಟಿ ನೋಡಿದಳು, ತನ್ನ ಮಣಿಕಟ್ಟು ನೋಡಿದಳು. ಆಮೇಲೆ ಕೈ ಚಾಚಿ, ಇದನ್ನು ಮೂಸು ಅಂದಳಂತೆ.

ಮೂಸೋದೇನು, ನೀನು ಬರುವಾಗಲೇ ಬಂತು. ಹಚ್ಚಿದಾಗಿನ ಖಾರ ಹೋಗಿದೆ, ಹೂವು ಉಳಿದಿದೆ, ಬೆವರು ಕೂಡಿ ಜೇನಿನ ಹಾಗಾಗಿದೆ, ಅಡಿಯಲ್ಲಿ ಗಂಧದ ಚಕ್ಕೆ. ಇಷ್ಟು ಹೇಳೋದಕ್ಕೆ ನಿಮ್ಮೂರಲ್ಲಿ ಒಂದು ಮೂಗೂ ಇಲ್ಲವಾ?

ಸಾತು ಅವಳನ್ನು ಕೈಹಿಡಿದು ಎಳೆದುಕೊಂಡೇ ಅಂಗಳಕ್ಕೆ ತಂದಳಂತೆ. ಬೀರಮ್ಮ ಹೌಹಾರಿ, ಮೂಸಬೇಡ, ಪಾಪ ಅಂಟುತ್ತೆ ಅಂದಳು. ಮಂಕಾಳಿ ನಕ್ಕು, ಮೂವತ್ತು ವರ್ಷದಿಂದ ಮೀನು ಅಂಟಿದೆ ತಾಯಿ, ಅದರ ಪಕ್ಕ ಇದೂ ಇರಲಿ ಅಂದು ಎಲ್ಲರ ಕೈ ಮೂಸುತ್ತಾ ಹೋದಳಂತೆ. ಸೊಸೆಯರದು, ಪರಿಮಳ ಇದೆ. ಬೀರಮ್ಮನದು, ಇದೆ. ಆಮೇಲೆ ಹೊನ್ನಪ್ಪನ ಸೋದರಮಾವ ತಿಪ್ಪಯ್ಯ; ನೆರೆಮನೆಯ ಹನ್ನೊಂದು ಕೋಳಿ ಕದ್ದು ತಿಂದವನು ಅಂತ ಊರಿಗೇ ಗೊತ್ತು. ಇವನದು ಎಲ್ಲರಿಗಿಂತ ಜೋರು ಅಂದಳು ಮಂಕಾಳಿ. ಅಂಗಳವೆಲ್ಲ ನಕ್ಕಿತು, ಆಮೇಲೆ ಎಲ್ಲರೂ ಬೀರಮ್ಮನ ಮುಖ ನೋಡಿದರು.

ಬೀರಮ್ಮ ಸಾತುವಿನ ಕೈಗೆ ಬತ್ತಿ ಕೊಟ್ಟಳಂತೆ, ಸಾತು ದೀಪ ಹಚ್ಚಿದಳಂತೆ, ಆಮೇಲೆ ಮಂಕಾಳಿಯ ಬುಟ್ಟಿ ಆ ಮನೆಯಲ್ಲೇ ಖಾಲಿಯಾಯಿತಂತೆ. ನಾಲ್ಕನೇ ಬೆಳಿಗ್ಗೆ ದೋಣಿ ಸಾತುವಿಲ್ಲದೆ ಹೋಯಿತು. ಅವಳು ಅಲ್ಲೇ ಉಂಡುಟ್ಟು ಸುಖವಾಗಿ ಬಾಳಿದಳಂತೆ. ಕತೆಯೂ ಮಲಗಿತು, ನೀನೂ ಮಲಗು.

ಏನು? ಹಾಗಾದರೆ ಮೊದಲಿನ ಇಬ್ಬರು ಸೊಸೆಯರಿಗೆ ಪರಿಮಳ ಹೇಗೆ ಬಂತು ಅಂತಲಾ?

ಬಂದಿರಲಿಲ್ಲ. ಬೀರಮ್ಮನಿಗೂ ಬಂದಿರಲಿಲ್ಲ.