ನಾಲ್ಕನೆಯ ತಪ್ಪು

ಸಾತವ್ವ ನಾಲ್ಕನೆಯ ಸಲ ಚಪ್ಪಡಿಯ ಮೇಲೆ ನಿಂತಿದ್ದಳು.

ಆ ಆಶ್ರಮದಲ್ಲಿ ಅದೊಂದು ಪದ್ಧತಿ. ಒಪ್ಪಿಸಿದ ಕೆಲಸ ಕೆಡಿಸಿದವರು ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಅಂಗಳದ ಚಪ್ಪಡಿ ಹತ್ತಬೇಕು. ಎಲ್ಲರಿಗೂ ಕೇಳುವಂತೆ "ತಪ್ಪಾತು" ಅನ್ನಬೇಕು. ಆಮೇಲೆ ಗುರುಗಳು ಬೇರೆ ಕೆಲಸ ಕೊಡುತ್ತಾರೆ. ಮೂರು ಸಲದವರೆಗೆ ಹೀಗೆ ನಡೆಯುತ್ತದೆ. ನಾಲ್ಕನೆಯ ಸಲ ಹತ್ತಿದವರು ಇರಬೇಕೋ ಗಂಟುಮೂಟೆ ಕಟ್ಟಬೇಕೋ, ಅದು ಗುರುಗಳ ಮರ್ಜಿ.

ಅಲ್ಲಿಯವರೆಗೆ ಯಾರೂ ನಾಲ್ಕನೆಯ ಸಲ ಹತ್ತಿರಲಿಲ್ಲ. ಮೂರಕ್ಕೇ ಎಲ್ಲರಿಗೂ ಬುದ್ಧಿ ಬಂದುಬಿಡುತ್ತಿತ್ತು.

ಎರಡು ವರ್ಷದ ಹಿಂದೆ ಸಾತವ್ವ ಹೊಳೆಯ ದಂಡೆಯಿಂದ ಎಂಬತ್ತು ಮೆಟ್ಟಿಲು ಹತ್ತಿ ಈ ಗುಡ್ಡಕ್ಕೆ ಬಂದಿದ್ದಳು. ಆಗಲೇ ಮೂವತ್ತು ದಾಟಿತ್ತು. ಗಂಡ ತೀರಿಹೋಗಿ ವರ್ಷವಾಗಿತ್ತು.

"ಅಜ್ಜಾರ, ತವರಮನ್ಯಾಗ ಅವ್ವ ಹೇಳಿದ್ದು ಮಾಡಿದೆ. ಗಂಡನ ಮನ್ಯಾಗ ಅತ್ತಿ ಹೇಳಿದ್ದು ಮಾಡಿದೆ. ನನ್ನ ಮನಸ್ಸಿಗೆ ಏನ ಬೇಕು ಅನ್ನೂದು ನನಗ ಗೊತ್ತಿಲ್ಲ. ಅದನ್ನ ತೋರಸ್ರಿ," ಎಂದು ಕೇಳಿದ್ದಳು.

"ಅಡಗಿಮನ್ಯಾಗ ಅಕ್ಕಿ ತೊಳಿಯೂದೈತಿ. ನಡಿ," ಎಂದಿದ್ದರು ಗುರು ಹೊನ್ನಯ್ಯ.

ಇಷ್ಟಕ್ಕೇನಾ ನಾನು ಇಷ್ಟು ಮೆಟ್ಟಿಲು ಹತ್ತಿದ್ದು ಎಂದು ಅವಳಿಗೆ ಅಳು ಬಂದಿತ್ತು.

ಅಕ್ಕಿ ತೊಳೆದಳು. ತೊಳೆದ ನೀರು ಹಿತ್ತಲಲ್ಲಿ ನಿಂತು ನಾರುತ್ತಿತ್ತು. ಹೊಳೆಯಿಂದ ಕೊಡಗಟ್ಟಲೆ ಹೊತ್ತು ತಂದ ನೀರು ಹೀಗೆ ಹಾಳಾಗುವುದನ್ನು ನೋಡಲಾರದೆ, ಅದನ್ನು ಮೆಂತ್ಯದ ಮಡಿಗೆ ತಿರುಗಿಸಲು ಸಾರಿಸಿದ ನೆಲದ ನಡುವೆಯೇ ಕಾಲುವೆ ತೋಡಿದಳು. ಹೊಟ್ಟೆಯ ಮೇಲೆ ಮಲಗಿ ನೀರು ಹೋಗುವುದನ್ನೇ ನೋಡುತ್ತಿದ್ದಾಗ ಒಲೆಯ ಮೇಲಿನ ಬೇಳೆ ಸೀದು ಕರಕಲಾಯಿತು.

"ತಪ್ಪಾತು," ಎಂದಳು. ಕೊಟ್ಟಿಗೆಗೆ ಕಳಿಸಿದರು.

ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಹಾಕುವ ಬಿದಿರಿನ ಗಳವನ್ನು ಸೀಳಿ, ದನ ಕುಡಿಯುವ ತೊಟ್ಟಿಗೆ ನೀರು ಹಾಯಿಸಿದಳು. ನೀರೇನೋ ಸರಾಗವಾಗಿ ಹೋಯಿತು. ಬಾಗಿಲಿಗೆ ಗಳವಿಲ್ಲದ್ದರಿಂದ ದನಗಳೂ ಸರಾಗವಾಗಿ ಹೋಗಿ ಆಶ್ರಮದ ಸೌತೆಬಳ್ಳಿಯನ್ನೆಲ್ಲ ಮೇಯ್ದು ಬಂದವು.

"ತಪ್ಪಾತು," ಎಂದಳು. ಹೂದೋಟಕ್ಕೆ ಹಾಕಿದರು. ಅಲ್ಲಿನದನ್ನು ಹೇಳುವುದೇ ಬೇಡ. ಗಿಡಗಳಿಗೆ ನೀರು ಮುಟ್ಟಿತು, ಪೂಜೆಗೆ ಹೂವು ಮುಟ್ಟಲಿಲ್ಲ. ಮೂರನೆಯ ಸಲವೂ "ತಪ್ಪಾತು" ಎಂದಳು.

ಆಶ್ರಮದ ಕಾರಭಾರ ನೋಡುವ ಹಿರಿಯ ಶಿಷ್ಯ ರುದ್ರಮುನಿಗೆ ಸಾಕಾಗಿ ಹೋಗಿತ್ತು.

"ಅಜ್ಜಾರ, ಆಕಿ ಕೈಗೆ ಕೆಲಸನ ಕೊಡಬ್ಯಾಡ್ರಿ. ಕಣ್ಣ ಮುಚ್ಚಿ ಧ್ಯಾನಕ್ಕ ಕುಂಡರಸ್ರಿ. ಅದರಾಗ ಏನ ಕೆಡಸ್ತಾಳ ನೋಡೂಣು."

ಧ್ಯಾನಮಂದಿರವನ್ನು ಗುಡ್ಡದ ಬಂಡೆಗೆ ಆನಿಸಿ ಕಟ್ಟಿದ್ದರು. ಹಿಂದಿನ ಗೋಡೆ ಯಾವಾಗಲೂ ತೇವ. ಪ್ರತಿ ವರ್ಷ ಅದಕ್ಕೆ ಗಾರೆ ಬಳಿದು ಮುಚ್ಚುತ್ತಿದ್ದರು. ಸಾತವ್ವ ಆ ಗೋಡೆಯ ಪಕ್ಕದಲ್ಲಿ ಕಣ್ಣು ಮುಚ್ಚಿ ಹತ್ತು ದಿನ ಕೂತಳು. ಉಳಿದವರಿಗೆ ಒಳಗಿನ ನಾದ ಕೇಳುತ್ತಿತ್ತೋ ಏನೋ, ಅವಳಿಗೆ ಗೋಡೆಯ ಆಚೆ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

ಹನ್ನೊಂದನೆಯ ದಿನ, ಅಂದರೆ ಈ ಹೊತ್ತು ಬೆಳಿಗ್ಗೆ, ಎಲ್ಲರಿಗಿಂತ ಮೊದಲು ಬಂದು ಹಾರೆ ಹಾಕಿ ಒಂದು ಕಲ್ಲು ಕಿತ್ತಳು. ಪ್ರಾರ್ಥನೆಗೆ ಬಂದವರಿಗೆ ಮಂದಿರದೊಳಗೆ ಪಾದ ಮುಳುಗುವಷ್ಟು ನೀರು ಕಂಡಿತು. ಚಾಪೆಗಳು ತೇಲುತ್ತಿದ್ದವು.

ಪ್ರಾರ್ಥನೆ ಅಂಗಳದಲ್ಲೇ ನಡೆಯಿತು. ಮುಗಿದ ಮೇಲೆ ಸಾತವ್ವ ತಾನಾಗಿಯೇ ಹೋಗಿ ಚಪ್ಪಡಿ ಹತ್ತಿದಳು.

ರುದ್ರಮುನಿ ಒದ್ದೆ ಧೋತರ ಎತ್ತಿ ಹಿಡಿದುಕೊಂಡೇ ಮಾತಾಡಿದ.

"ತಪ್ಪಾತು ಅನ್ನು, ತಂಗಿ. ಇನ್ನ ಮ್ಯಾಲೆ ಹಾರಿ ಗುದ್ದಲಿ ಮುಟ್ಟೂದಿಲ್ಲ ಅಂತ ಅಜ್ಜಾರ ಪಾದ ಮುಟ್ಟಿ ಆಣಿ ಮಾಡು. ನಿನ್ನ ಇಲ್ಲೇ ಇಟಗೊಳ್ಳಾಕ ನಾನ ಕೇಳ್ಕೋತೀನಿ."

ಅವನ ಮನಸ್ಸಿನಲ್ಲಿ ಕೇಡಿರಲಿಲ್ಲ. ಸಾತವ್ವನಿಗೆ ಹೋಗಲು ಬೇರೆ ಜಾಗವೂ ಇರಲಿಲ್ಲ. ತವರಿನಲ್ಲಿ ಅವ್ವ ಇಲ್ಲ. "ಹೋದರೆ ಮತ್ತೆ ಬರಬೇಡ" ಎಂದೇ ಗಂಡನ ಮನೆಯವರು ಕಳಿಸಿದ್ದರು.

ಅವಳು ಬಾಯಿ ತೆರೆದಳು. ಕಿವಿ ಮಂದಿರದ ಕಡೆ ಹೋಯಿತು.

ಮಂದಿರದೊಳಗೆ ನೀರು ಬೀಳುವ ಸದ್ದು ಅಂಗಳಕ್ಕೂ ಕೇಳುತ್ತಿತ್ತು. ಅದನ್ನು ಕೇಳಿ ಅವಳಿಗೆ ಸಂತೋಷವಾಯಿತು. ಹೊರಗೆ ಹಾಕುವ ಹೊತ್ತಿನಲ್ಲೂ ಸಂತೋಷವಾಗುತ್ತದಲ್ಲ ಎಂದು ತನ್ನ ಮೇಲೆ ತನಗೇ ಬೆರಗಾಯಿತು.

"ಅನ್ನೂದಿಲ್ಲ," ಎಂದಳು.

"ಏನಂದಿ?"

"ತಪ್ಪಾತು ಅನ್ನೂದಿಲ್ಲ. ಮೂರ ಸಲ ಅಂದೆ, ಮೂರೂ ಸಲ ಸುಳ್ಳ ಹೇಳಿದೆ. ಬ್ಯಾಳಿ ಸೀದದ್ದು ತಪ್ಪು. ದನ ಸೌತಿಬಳ್ಳಿ ತಿಂದದ್ದು ತಪ್ಪು. ನೀರು ಹರಿಸಿದ್ದು ತಪ್ಪಲ್ಲ."

"ಬಚ್ಚಲ ಮೋರಿ ತೋಡೂದು ಯಾವ ಸಾಧನಿ ಬೇ?" ರುದ್ರಮುನಿಯ ದನಿ ಏರಿತು.

"ನಾನೂ ಹಂಗ ತಿಳಕೊಂಡಿದ್ದೆ. ನಾಚಿಕಿ ಬರ್ತಿತ್ತು. ಇವತ್ತ ಹಾಡು ಒಲೀತೈತಿ, ನಾಳೆ ಶಾಸ್ತ್ರ ಒಲೀತೈತಿ ಅಂತ ಎರಡ ವರ್ಷ ಕಾದೆ. ಯಾವುದೂ ಒಲೀಲಿಲ್ಲ. ನೀರು ಸುಮ್ನ ನಿಂತದ್ದು ಕಂಡ್ರ ಮಾತ್ರ ನನಗ ನಿಂದರಾಕ ಆಗೂದಿಲ್ಲ. ಅದು ಬಚ್ಚಲಾನೋ ಸಾಧನೀನೋ, ನೀವ ಹೆಸರ ಇಟಗೋರಿ."

ಅಂಗಳದಲ್ಲಿದ್ದ ಎಲ್ಲರೂ ಗುರುಗಳ ಮುಖ ನೋಡಿದರು.

ಹೊನ್ನಯ್ಯ ಸಾತವ್ವನ ಕಡೆ ತಿರುಗಿದರು.

"ನಾನು ಹೋಗು ಅಂದ್ರ?" ಎಂದು ಕೇಳಿದರು.

ಸಾತವ್ವ ಕೈಮುಗಿದಳು.

"ಹೋಗ್ತೀನ್ರಿ. ನಿಮ್ಮ ಮಾತು ಮೀರೂದಿಲ್ಲ. ಆದ್ರ ತಪ್ಪಾತು ಅಂದು ಹೋಗೂದಿಲ್ಲ. ಮತ್ತ ಆ ಹಾರಿ ಒಯ್ತೀನಿ."

"ಹಾರಿ ಆಶ್ರಮದ್ದು!" ಎಂದ ರುದ್ರಮುನಿ.

"ಹೌದು. ಒಯ್ತೀನಿ."

"ಎಲ್ಲಿಗೆ?" ಗುರುಗಳು ಕೇಳಿದರು.

"ಎಲ್ಲಿ ನೀರು ದಾರಿ ಸಿಗದ ನಿಂತಿರ್ತೈತೋ, ಅಲ್ಲಿಗೆ."

ಗುರುಗಳು ಎದ್ದರು. ಮಂದಿರದ ಎತ್ತರದ ಹೊಸ್ತಿಲು ದಾಟಿ ನೀರಿಗಿಳಿದರು. ಎಲ್ಲರೂ ಹಿಂದೆಯೇ ಬಂದು ಬಾಗಿಲಲ್ಲಿ ಗುಂಪಾದರು. ಸಾತವ್ವನನ್ನು ಯಾರೂ ಕರೆಯಲಿಲ್ಲ. ಅವಳೇ ಎಲ್ಲರನ್ನೂ ಸರಿಸಿಕೊಂಡು ಒಳಗೆ ಹೋದಳು.

ಕಲ್ಲು ಕಿತ್ತ ಸಂದಿಯಿಂದ ಬಂಡೆಯ ಒರತೆಯ ನೀರು ಬೀಳುತ್ತಿತ್ತು. ಗುರುಗಳು ಬೊಗಸೆಯೊಡ್ಡಿ ಕುಡಿದರು. ಇನ್ನೊಂದು ಬೊಗಸೆ ಕುಡಿದರು. ಆಮೇಲೆ ತಮ್ಮ ಪಾದದ ಸುತ್ತ ನಿಂತ ನೀರನ್ನು ನೋಡಿದರು.

"ತಪ್ಪೈತಿ," ಎಂದರು.

ರುದ್ರಮುನಿಗೆ ಹೋದ ಜೀವ ಬಂದಂತಾಯಿತು.

"ಎಲ್ಲೈತ್ರಿ?" ಸಾತವ್ವ ಕೇಳಿದಳು. ಗುರುಗಳಿಗೆ ಹಾಗೆ ಎದುರಾಡಿದವರು ಆ ಆಶ್ರಮದಲ್ಲಿ ಇರಲಿಲ್ಲ.

"ನೀರು ಬರಾಕ ದಾರಿ ಮಾಡಿದಿ. ಹೋಗಾಕ?"

ಅವಳು ತಟ್ಟನೆ ಎದುರಿನ ಗೋಡೆಯ ಮೂಲೆ ತೋರಿಸಿದಳು.

"ಅಲ್ಲಿ ಬುಡದಾಗ ಒಂದ ಕಲ್ಲು ತೆಗದ್ರ ಸಾಕ್ರಿ. ಇಳಿಜಾರು ಐತಿ. ಅಡಗಿಮನಿ ಮುಂದ ಹೋಗಿ, ದನದ ತೊಟ್ಟಿ ತುಂಬಿ, ಅಲ್ಲಿಂದ ಹೂದೋಟಕ್ಕ ಇಳೀತೈತಿ. ಯಾರೂ ಹೊಳಿಯಿಂದ ಕೊಡ ಹೊರೂದು ಬ್ಯಾಡ."

"ಇಷ್ಟೆಲ್ಲಾ ಗೊತ್ತಿತ್ತು?"

"ಗೊತ್ತಿತ್ರಿ."

"ಮತ್ತ ಆ ಕಲ್ಲು ಯಾಕ ಬಿಟ್ಟಿ?"

ಸಾತವ್ವ ತಲೆ ತಗ್ಗಿಸಿದಳು. ಆ ಬೆಳಿಗ್ಗೆ ಅವಳು ತಲೆ ತಗ್ಗಿಸಿದ್ದು ಅದೇ ಮೊದಲು.

"ಹೆದರಿದೆ. ಒಂದ ಕಲ್ಲಿಗೆ ಬೈತೀರಿ, ಎರಡಕ್ಕ ಹೊರಗ ಹಾಕ್ತೀರಿ ಅಂತ ಹೆದರಿದೆ."

"ಅದು ತಪ್ಪು," ಎಂದರು ಗುರುಗಳು.

ಅವಳು ನೀರಿನಲ್ಲೇ ತಿರುಗಿ ನಿಂತಳು. ಆಮೇಲೆ ಬಾಗಿಲಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು.

"ತಪ್ಪಾತು."

ಈ ಸಲ ಸುಳ್ಳು ಹೇಳಲಿಲ್ಲ.

ತಪ್ಪಾತು ಅಂದವರಿಗೆ ಬೇರೆ ಕೆಲಸ ಕೊಡುವುದು ಪದ್ಧತಿ. ಗುರುಗಳು ಗೋಡೆಗೆ ಒರಗಿಸಿದ್ದ ಹಾರೆಯನ್ನು ಎತ್ತಿ ಅವಳ ಕೈಗೆ ಕೊಟ್ಟರು. ಸಾತವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೂಲೆಗೆ ನಡೆದಳು. ಮೊದಲ ಏಟಿಗೇ ಗಾರೆ ಉದುರಿತು. ಎರಡನೆಯ ಏಟಿಗೆ ಇಡೀ ಮಂದಿರ ಗುಡುಗಿತು.

"ಅಜ್ಜಾರ! ಧ್ಯಾನದ ಜಾಗಾ ಇದು! ಗೋಡಿ ಒಡ್ಯಾಕತ್ಯಾಳ, ನೋಡ್ಕೋತ ನಿಂತೀರಲ್ಲ!" ರುದ್ರಮುನಿ ಎರಡೂ ಕಿವಿ ಮುಚ್ಚಿಕೊಂಡು ಕೂಗಿದ.

ಗುರುಗಳು ಹೊಸ್ತಿಲ ಮೇಲೆ ಕುಳಿತು ಕಾಲು ನೀರಿಗೆ ಇಳಿಬಿಟ್ಟರು.

"ಗದ್ದಲಾ ಮಾಡಬ್ಯಾಡೋ, ರುದ್ರಮುನಿ," ಎಂದರು. "ಆಕಿ ಧ್ಯಾನಕ್ಕ ಕುಂತಾಳ."