ಗಾಳಿ ನುಂಗಿದ ಉಬ್ಬುಮೀನು

ದೊಡ್ಡ ಮೀನೊಂದಕ್ಕೆ ಬೆದರಿದ ಉಬ್ಬುಮೀನು ಕಡಲ ಮೇಲಕ್ಕೆ ಬಂದು ಹೊಟ್ಟೆ ತುಂಬ ಗಾಳಿ ನುಂಗಿತು. ಚೆಂಡಿನಂತೆ ಊದಿಕೊಂಡು, ಹೊಟ್ಟೆ ಮೇಲಾಗಿ ತೇಲಿತು. ದೊಡ್ಡ ಮೀನು ದೂರ ಸರಿದ ಮೇಲೂ, ಎಷ್ಟು ಬಡಿದಾಡಿದರೂ ಕೆಳಗಿಳಿಯಲಾಗಲಿಲ್ಲ. ಆಕಾಶದಲ್ಲಿ ಗರುಡ ಸುತ್ತುತ್ತಿತ್ತು.

ನೀರೊಳಗೆ ಹಾಸಿದ ಬಟ್ಟೆಯಂತೆ ತೇಲುತ್ತಿದ್ದ ಮುದಿ ತೊರಕೆ ಮೀನು ಹೇಳಿತು: “ಮಗಾ, ರೆಕ್ಕೆ ಬಡಿಯಬೇಡ. ಗಾಳಿ ಬಿಡು.”

“ಬಿಟ್ಟರೆ ಚಿಕ್ಕವನಾಗುತ್ತೇನೆ ಅಜ್ಜಿ! ದೊಡ್ಡವನೆಂದೇ ಎಲ್ಲರೂ ನನಗೆ ಹೆದರುವುದು.”

“ಗರುಡ ಹೆದರಿದಂತೆ ಕಾಣುವುದಿಲ್ಲ. ಊಟ ದೊಡ್ಡದಾಯಿತೆಂದು ಖುಷಿಯಲ್ಲಿದೆ.”

ನೆರಳು ಹತ್ತಿರವಾಯಿತು. ಉಬ್ಬುಮೀನು ಕಣ್ಣು ಮುಚ್ಚಿ ಗಾಳಿಯನ್ನೆಲ್ಲ ಬಿಟ್ಟು ಮುಳುಗಿತು. ಗರುಡನ ಉಗುರು ಬರಿಯ ನೀರನ್ನು ಗೀರಿತು.

“ಈಗ ಕವುಚಿಕೊಂಡು ನೀರ ನಡುವೆ ಸುಮ್ಮನೆ ಮಲಗು,” ಎಂದಿತು ತೊರಕೆ.

ಉಬ್ಬುಮೀನು ಮಲಗಿತು. ಏರಲಿಲ್ಲ, ಇಳಿಯಲಿಲ್ಲ. ತನ್ನ ಪುಟ್ಟ ಮೈಯನ್ನು ಇಡೀ ಕಡಲು ಎತ್ತಿಕೊಂಡಿರುವುದು ನೀರೊಳಗಿನ ಹಸಿರು ಬೆಳಕಿನಲ್ಲಿ ಅದಕ್ಕೆ ಮೊದಲ ಬಾರಿ ತಿಳಿಯಿತು.