ಬಾವಿಯೊಳಗೆ ಬಂದ ಗ್ರಹಣವ್ವ

ಎಲ್ಲರ ಕೈಯಲ್ಲೂ ಅಕ್ಷತೆ ಇದೆಯೇ? ಮುಷ್ಟಿ ಬಿಚ್ಚದೆ, ಮಾತಿಗೆ ಮಾತು ಸೇರಿಸದೆ ಕೇಳಿರಿ. ನಡುವೆ ಏಳುವವರಿದ್ದರೆ ಈಗಲೇ ಎದ್ದು ಹೋಗಿ ಬನ್ನಿ, ಆಮೇಲೆ ನನ್ನ ಬಾಯಿಗೆ ಬೀಳಬೇಡಿ. ಹರಿವಾಣದ ನೀರಿನಲ್ಲಿ ಒನಕೆ ತಾನಾಗಿ ನಿಂತಿದೆ, ಅಂದರೆ ಆಚೆ ಚಂದ್ರನಿಗೆ ಗ್ರಹಣ ಹಿಡಿದಿದೆ. ಗ್ರಹಣ ಬಿಟ್ಟು ಒನಕೆ ಬೀಳುವುದರೊಳಗೆ ಕಥೆ ಮುಗಿಯಬೇಕು.

ದಕ್ಷಿಣದೇಶದಲ್ಲಿ ಹಿರೇಬಾವಿಯೆಂಬ ಪಟ್ಟಣವಿದ್ದು, ಅದನ್ನಾಳುವ ಅರಸನಿಗೆ ಚಂಪಕಾವತಿಯೆಂಬ ರಾಣಿಯಿದ್ದು, ಆಕೆಗೆ ಕೇತಕಿಯೆಂಬ ಹಾಲುಗೂಸು ಇದ್ದು, ಅರಸನ ತಾಯಿ ಅಬ್ಬಲದೇವಿಯು ಹಿತ್ತಲ ಕೋಣೆಯಲ್ಲಿ ಇರುತ್ತಿದ್ದಳು. ಅರಮನೆಯಿದ್ದೂ ಹಿತ್ತಲಲ್ಲೇಕೆ ಎಂದರೆ, ರಾಣಿಗೆ ಅತ್ತೆಯ ಮಾತು ರುಚಿಸುತ್ತಿರಲಿಲ್ಲ. ಏನೇ ರೇವಕ್ಕ, ನಗುತ್ತೀಯಾ? ನನ್ನ ಸೊಸೆಯಾದರೇನು, ನಿನಗಂದದ್ದಲ್ಲ, ಸುಮ್ಮನೆ ಕೇಳು.

ಹೀಗಿರಲಾಗಿ ಒಂದು ಹುಣ್ಣಿಮೆಯ ನಡುರಾತ್ರಿ ಪೂರ್ಣಗ್ರಹಣವಾಗಿ, ಚಂದ್ರನು ತಿಕ್ಕದೆ ಬಿಟ್ಟ ತಾಮ್ರದ ಕೊಡದಂತೆ ಕಂದುಗೆಂಪಾಗಿ, ಊರ ನಾಯಿಗಳೆಲ್ಲ ಒಮ್ಮೆಲೇ ಸುಮ್ಮನಾಗಲು, ಅರಮನೆಯ ಬಾಗಿಲಿಗೆ ಒಬ್ಬ ಹೆಂಗಸು ಬಂದು ನಿಂತಳು. ಅವಳ ಮುಖವೂ ಅದೇ ಬಣ್ಣವಾಗಿತ್ತು. ಸೆರಗೊಡ್ಡಿ, “ತವರಿಗೆ ಬಂದಿದ್ದೇನೆ, ಉಡಿ ತುಂಬಿ ಕಳಿಸವ್ವಾ” ಎಂದಳು. ಮಗುವನ್ನೆತ್ತಿಕೊಂಡಿದ್ದ ರಾಣಿಯು ಮುಖ ಸಿಂಡರಿಸಿ, “ಯಾವ ಮನೆ ಮಗಳೇ ನೀನು? ನಡಿಯಾಚೆ” ಎಂದು ಬಾಗಿಲು ಹಾಕಿ ಅಗುಳಿ ಜಡಿಸಿದಳು. ಬಂದವಳು ಎರಡನೆಯ ಸಲ ಕೇಳಲಿಲ್ಲ.

ಗ್ರಹಣ ಬಿಟ್ಟು, ಬೆಳದಿಂಗಳು ಚೆಲ್ಲಿ, ರಾಣಿಯು ಮಗುವನ್ನೆತ್ತಿಕೊಂಡೇ ಅಂಗಳಕ್ಕಿಳಿದು ನೋಡುತ್ತಾಳೆ, ಅಯ್ಯೋ ಶಿವನೇ! ನೆಲದ ಮೇಲೆ ಅವಳ ನೆರಳು ಬಿದ್ದಿದೆ, ಆ ನೆರಳಿನ ತೋಳುಗಳಲ್ಲಿ ಏನೂ ಇಲ್ಲ. ಮಗುವನ್ನು ದೀಪಕ್ಕೆ ಹಿಡಿದರೂ ಇಲ್ಲ, ಮರುದಿನ ಬಿಸಿಲಿಗೆ ಹಿಡಿದರೂ ಇಲ್ಲ. ಕೂಸು ನಗುತ್ತಿತ್ತು, ಆದರೆ ಅದರ ಮೈ ಬಾವಿಯ ನೀರಿನಂತೆ ತಣ್ಣಗಿತ್ತು.

ಅಲ್ಲಿಂದ ಮುಂದೆ ರಾಣಿಯು ಗ್ರಹಣವೆಂದರೆ ಸಾಕು, ಬಾಗಿಲು ತೆರೆದು ಉಡಿಯ ಸಾಮಾನು ಹಿಡಿದು ಕಾಯತೊಡಗಿದಳು. ಬರುವವರು ಬರುತ್ತಿದ್ದರು. ಒಬ್ಬಳ ಮುಖ ಅರ್ಧ ಮಾತ್ರ ಕೆಂಪು, ಇನ್ನೊಬ್ಬಳದು ಬರೀ ಮಸುಕು. ರಾಣಿಯು “ನನ್ನ ಮಗಳ ನೆರಳು ಕೊಡವ್ವಾ” ಎಂದರೆ, ತಲೆಯಾಡಿಸಿ, “ನಾನು ಅವಳಲ್ಲ” ಎಂದು ಹೊರಟುಬಿಡುತ್ತಿದ್ದರು. ಕಡೆಗೆ ಅಹಂಕಾರವೆಲ್ಲ ಇಳಿದು ರಾಣಿಯು ಹಿತ್ತಲ ಕೋಣೆಗೆ ಹೋಗಿ ಅತ್ತೆಯ ಕಾಲು ಹಿಡಿದು ಗೊಳೋ ಎಂದು ಅತ್ತಳು.

ಅಬ್ಬಲದೇವಿಯು ಹೇಳಿದ್ದೇನೆಂದರೆ, “ಗ್ರಹಣಗಳೆಲ್ಲ ಒಂದೇ ಅಂದುಕೊಂಡೆಯಾ ಹುಚ್ಚಿ? ಒಂದೊಂದಕ್ಕೂ ಒಂದೊಂದು ಮನೆತನ. ನಿನ್ನ ಬಾಗಿಲಿಗೆ ಬಂದವಳು ಈ ಮನೆಯ ಹಿಂದಿನ ಕಾಲದ ಮಗಳು. ಹದಿನೆಂಟು ವರ್ಷದ ಮೇಲೆ ಹನ್ನೊಂದು ದಿನಕ್ಕೆ ತಿರುಗಿ ಬರುತ್ತಾಳೆ. ಆದರೆ ಪ್ರತಿ ಸಲ ಒಂದು ದಿನದ ಮೂರನೆಯ ಪಾಲಿನಷ್ಟು ತಡ. ನಡುರಾತ್ರಿ ಬಂದವಳು ಮುಂದಿನ ಸಲ ಬೆಳಗಿನ ಹೊತ್ತು ಬರುತ್ತಾಳೆ, ಅದರಾಚೆ ಇಳಿಹೊತ್ತು. ಆಗೆಲ್ಲ ಚಂದ್ರ ನೆಲದಡಿ ಇರುವುದರಿಂದ ಯಾರ ಕಣ್ಣಿಗೂ ಬೀಳಳು. ಮೂರನೆಯ ಸಲ ಮತ್ತೆ ನಡುರಾತ್ರಿ, ಇದೇ ಬಾಗಿಲು. ನಾನು ಎಳೆಯ ಸೊಸೆಯಾಗಿದ್ದಾಗ ಉಡಿ ತುಂಬಿದ್ದು ಅವಳಿಗೇ. ಕಾಣದೆ ಬಂದಾಗಲೂ ಅವಳನ್ನು ಗುರುತಿಸಿ ಮಗಳೇ ಎಂದು ಕರೆಯಬೇಕು. ತಪ್ಪಿದೆಯೋ, ನೆರಳು ಹೋದ ದಾರಿಯಲ್ಲೇ ಕೇತಕಿಯೂ ಹೋಗುತ್ತಾಳೆ.” ಇಷ್ಟು ಹೇಳಿದ ಮುದುಕಿ ಆ ಚಳಿಗಾಲದಲ್ಲೇ ತೀರಿಕೊಂಡಳು.

ಕೇತಕಿ ಬೆಳೆದು ದೊಡ್ಡವಳಾಗಿ, ಆ ದಿನ ಬಂದಿತು. ರಾಣಿಯು ಮಡಿಯುಟ್ಟು ಉಪವಾಸವಿರಲು, ಜೋಯಿಸರು “ಕಾಣದ ಗ್ರಹಣಕ್ಕೆ ಆಚರಣೆಯಿಲ್ಲ ತಾಯೀ” ಎಂದರು, ದಾಸಿಯರು ಸೆರಗು ಬಾಯಿಗಿಟ್ಟು ನಕ್ಕರು. ಆಕೆ ಕಿವಿಗೆ ಹಾಕಿಕೊಳ್ಳದೆ, ದನಗಳು ಮೇಯಲು ಹೋದ ಹೊತ್ತಿಗೆ ಬಾವಿಕಟ್ಟೆಯ ಪಕ್ಕದಲ್ಲಿ ಹರಿವಾಣವಿಟ್ಟು, ನೀರು ಹೊಯ್ದು, ಒನಕೆ ನಿಲ್ಲಿಸಿದಳು. ಅದು ಬಿತ್ತು. ಮತ್ತೆ ನಿಲ್ಲಿಸಿದಳು, ಮತ್ತೆ ಬಿತ್ತು. ಆಮೇಲೊಮ್ಮೆ ಕೈಬಿಟ್ಟರೆ, ಬೆಳಗಿನ ಬಿಸಿಲಲ್ಲಿ ಒನಕೆ ನೆಟ್ಟಗೆ ನಿಂತೇ ಇತ್ತು. ಕಾಗೆಗಳು ಸುಮ್ಮನಾದವು. ನಗುತ್ತಿದ್ದ ದಾಸಿಯರು ಕೈಮುಗಿದರು.

ಆಗ ತಲೆ ಬಾಚಿಕೊಳ್ಳುತ್ತಿದ್ದ ಕೇತಕಿಯು ಬಾಚಣಿಗೆ ಬಿಸುಟು, ಕಣ್ಣು ತೆರೆದೇ ಇದ್ದರೂ ಏನನ್ನೂ ನೋಡದವಳಾಗಿ, ಕರೆದರೂ ಓಗೊಡದೆ ಬಾವಿಯತ್ತ ನಡೆದು ಬಂದಳು. ರಾಣಿಯು ಬಗ್ಗಿ ನೋಡಲು, ನೀರಿನಲ್ಲಿ ಸೂರ್ಯನಿಲ್ಲ, ಕಂದುಗೆಂಪಿನ ಚಂದ್ರನಿದ್ದಾನೆ. ಅದರ ನಡುವೆ ಆ ಹೆಂಗಸು ಸೆರಗೊಡ್ಡಿ ನಿಂತಿದ್ದಾಳೆ, ಸೆರಗಿನಲ್ಲಿ ಹಾಲುಗೂಸಿನ ನೆರಳೊಂದು ಮುದುಡಿಕೊಂಡು ಮಲಗಿದೆ. ಕೇತಕಿಯ ಒಂದು ಕಾಲು ಆಗಲೇ ಕಟ್ಟೆಯ ಮೇಲಿತ್ತು.

ರಾಣಿಗೆ ಎದೆ ಒಡೆದ ಹಾಗಾದರೂ ಮಗಳ ಕಡೆ ಓಡದೆ, ಉಡಿಯ ಸಾಮಾನಿದ್ದ ಮೊರ ಎತ್ತಿಕೊಂಡು, “ಬಾರವ್ವ ನನ್ನ ಮಗಳೇ, ಆವತ್ತು ಗುರುತು ಸಿಗಲಿಲ್ಲ, ತಪ್ಪಾಯ್ತು” ಎಂದು ಬಾವಿಗೆ ಅಕ್ಕಿ ಸುರಿದಳು, ಕೊಬ್ಬರಿ ಬಟ್ಟಲು, ಬೆಲ್ಲ, ಅರಿಶಿನ, ರವಿಕೆ ಕಣ ಹಾಕಿದಳು. ಒಂದು ಕಾಳೂ ನೀರಿಗೆ ಬಿದ್ದ ಸದ್ದಾಗಲಿಲ್ಲ. ಉಡಿ ತುಂಬುತ್ತಾ ಬರಲು ಸೆರಗಿನಲ್ಲಿ ಜಾಗ ಸಾಲದೆ, ಬಾವಿಯೊಳಗಿನವಳು ನೆರಳನ್ನು ಮೆಲ್ಲಗೆ ಎತ್ತಿ ಕೆಳಗಿಳಿಸಿಬಿಟ್ಟಳು. ಒನಕೆ ಧಡ್ಡೆಂದು ಬಿತ್ತು. ಕೇತಕಿಯು ಬೆಚ್ಚಿ, “ಅವ್ವಾ, ಎಷ್ಟು ಬಿಸಿಲು!” ಎಂದು ಹಿಂದೆ ಸರಿದಳು. ಅವಳ ಕಾಲ ಬುಡದಲ್ಲಿ ಗೇಣುದ್ದದ ಕೂಸಿನ ನೆರಳು ಕೈಕಾಲು ಆಡಿಸುತ್ತಿತ್ತು. ಅದು ವರ್ಷ ತುಂಬುವುದರೊಳಗೆ ಅವಳೆತ್ತರಕ್ಕೆ ಬೆಳೆದು, ಅವಳಿಗೆ ಮದುವೆಯಾಗಿ, ಮಕ್ಕಳಾಗಿ, ರಾಜ್ಯವು ಸುಭಿಕ್ಷವಾಯಿತು.

ಎರಡನೆಯ ಸಲ ಇಳಿಹೊತ್ತಿನಲ್ಲಿ ಕೇತಕಿಯೇ ವ್ರತ ಮಾಡಿದಳು. ಮೂರನೆಯ ಸಲ ನಡುರಾತ್ರಿ, ಹಣ್ಣು ಮುದುಕಿಯಾದ ಚಂಪಕಾವತಿಯು ತಾನೇ ಅಗುಳಿ ತೆಗೆದಳು. ಬಂದವಳಿಗೆ ಒಂದು ದಿನವೂ ವಯಸ್ಸಾಗಿರಲಿಲ್ಲ. “ಎಷ್ಟು ಸೊರಗಿದೆಯವ್ವಾ” ಎಂದು ಮುದುಕಿಯ ಕೆನ್ನೆ ಸವರಿ, ಉಡಿ ತುಂಬಿಸಿಕೊಂಡು ಹೋದಳು.

ಈ ಕಥೆಯನ್ನು ಹೇಳಿದವರ, ಕೇಳಿದವರ, ಹೂಂಗುಟ್ಟಿದವರ ಮನೆಯ ಮಕ್ಕಳು ನೆರಳು ಸಮೇತ ಬಾಳಲಿ, ಚಂಪಕಾವತಿಗೆ ದಕ್ಕಿದ್ದು ಅವರಿಗೂ ದಕ್ಕಲಿ. ಅಕ್ಷತೆ ಹಾಕಿರಿ. ರೇವಕ್ಕ, ಇವತ್ತಿನ ಗ್ರಹಣದವಳು ಹಿಂದೆ ಇದೇ ಬಾಗಿಲಿಗೆ ಬಂದಾಗ ಉಡಿ ತುಂಬಿದ್ದು ನಮ್ಮತ್ತೆ, ಮೊರ ಹಿಡಿದು ನಿಂತಿದ್ದವಳು ನಾನು. ಮುಂದಿನ ಸಲ ಹಗಲಲ್ಲಿ ಬರುತ್ತಾಳೆ, ಆಗ ನಾನಿರುವುದಿಲ್ಲ, ನೀನು ಮರೆಯಬೇಡ. ಕೇಳಿದೆಯಾ, ಬೀದಿಯ ನಾಯಿಗಳು ಸುಮ್ಮನಾದವು. ಹೆದರಬೇಡ, ಮೊರ ತಗೊಂಡು ಬಾ. ಅವಳು ಕರೆಯುವ ಮೊದಲು ನಾವೇ ಬಾಗಿಲು ತೆಗೆಯೋಣ.